ಸಣ್ಣ ಟ್ರೇಲರ್‌ಗೆ ಕಡಿಮೆ ಖರ್ಚಿನ ಬಿಸಿ: ಏನು ಸಾಕು, ಏನು ಬೇಡ

ಪ್ರಶ್ನೆ: ನಾವು ಅಮೆರಿಕದ ಕೊಲೊರಾಡೋದಲ್ಲಿದ್ದೇವೆ. ಕಾರಿನ ಹಿಂದೆ ಎಳೆದೊಯ್ಯುವ 13 ಅಡಿಯ ಹಳೆಯ ಕ್ಯಾಂಪಿಂಗ್ ಟ್ರೇಲರ್ ಕೊಂಡಿದ್ದೇವೆ. ಅದರಲ್ಲಿ ಹೀಟರ್ ಇಲ್ಲ. ಅಕ್ಟೋಬರ್ ರಾತ್ರಿಗಳಲ್ಲಿ ಚಳಿ ಸೊನ್ನೆ ಡಿಗ್ರಿಗೆ ಇಳಿಯುತ್ತದೆ. ಹೆಚ್ಚು ಖರ್ಚಿಲ್ಲದೆ ಬೆಚ್ಚಗಿರುವುದು ಹೇಗೆ?

ಉತ್ತರ: ರಾತ್ರಿ ತಂಗುವ ಜಾಗದಲ್ಲಿ ಕರೆಂಟು ಇರುತ್ತದೆಯೇ? ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಇದು. ಇದ್ದರೆ ನಿಮ್ಮ ಸಮಸ್ಯೆ ಬಹುಪಾಲು ಬಗೆಹರಿದಂತೆಯೇ. ಅಲ್ಲಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ 30 ಆಂಪಿಯರ್ ಸಂಪರ್ಕದಿಂದ 120 ವೋಲ್ಟ್‌ನಲ್ಲಿ 3,600 ವಾಟ್ ಪಡೆಯಬಹುದು. ಹೊರಗೆ ಸೊನ್ನೆ ಇದ್ದಾಗ ಒಳಗೆ 18 ಡಿಗ್ರಿ ಉಳಿಸಲು ನಿಮ್ಮಂಥ ಟ್ರೇಲರ್‌ಗೆ, ಅಂದಾಜಿನಲ್ಲಿ ಹೇಳುವುದಾದರೆ, ಸಾವಿರ ವಾಟ್ ಆಸುಪಾಸು ಬೇಕು. ಅಂಗಡಿಯಲ್ಲಿ ಸಿಗುವ 1,500 ವಾಟ್‌ನ ಸಾಧಾರಣ ಸೆರಾಮಿಕ್ ಹೀಟರ್ ಇದಕ್ಕೆ ಧಾರಾಳವಾಯಿತು. ದುಬಾರಿ ಹೀಟರಿನ ಡಬ್ಬಿಯ ಮೇಲೆ ‘ಕಡಿಮೆ ಕರೆಂಟಿನಲ್ಲಿ ಹೆಚ್ಚು ಶಾಖ’ ಎಂದು ಬರೆದಿದ್ದರೆ ನಂಬಬೇಡಿ. ತಂತಿ ಕಾಯಿಸುವ ಯಾವ ಹೀಟರ್ ಆದರೂ ಒಂದು ವಾಟ್ ಕರೆಂಟಿಗೆ ಒಂದು ವಾಟ್ ಶಾಖವನ್ನೇ ಕೊಡುತ್ತದೆ. ಬೆಲೆ ಹೆಚ್ಚಿದಂತೆ ಸದ್ದು ಕಡಿಮೆಯಾಗಬಹುದು, ಶಾಖ ಹೆಚ್ಚುವುದಿಲ್ಲ. ದುಡ್ಡು ಕೊಡುವುದಾದರೆ ಉರುಳಿದರೆ ತಾನೇ ಆರುವ ಸ್ವಿಚ್ಚಿಗೆ ಕೊಡಿ.

ಎಚ್ಚರ ಬೇಕಿರುವುದು ವೈರಿಂಗ್ ವಿಷಯದಲ್ಲಿ. 1,500 ವಾಟ್ ಎಂದರೆ 12.5 ಆಂಪಿಯರ್. ಹಳೆಯ ಟ್ರೇಲರಿನ 15 ಆಂಪಿಯರ್ ಸಾಕೆಟ್ಟಿಗೆ ರಾತ್ರಿಯಿಡೀ ಅಷ್ಟು ಹೊರೆ ಹೊರಿಸುವುದು ಸರಿಯಲ್ಲ. ಹೀಟರ್ ಹಚ್ಚಿ ಅರ್ಧ ಗಂಟೆಯ ಮೇಲೆ ಪ್ಲಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿ. ಬಿಸಿ ಹತ್ತಿದ್ದರೆ ಸಾಕೆಟ್ಟಿನೊಳಗಿನ ಹಿಡಿತ ಸಡಿಲವಾಗಿದೆ ಎಂದರ್ಥ. ಅದನ್ನು ಬದಲಿಸದೆ ಮಲಗಬೇಡಿ. ಮಲಗುವಾಗ ಹೀಟರನ್ನು 750 ವಾಟ್‌ಗೆ ಇಳಿಸುವುದು ಇನ್ನೂ ಒಳ್ಳೆಯದು. ತೆಳ್ಳನೆಯ ಎಕ್ಸ್‌ಟೆನ್ಷನ್ ವೈರ್ ಖಂಡಿತ ಬೇಡ.

ಕರೆಂಟು ಇಲ್ಲದ ಕಾಡಿನಲ್ಲಿ ಲೆಕ್ಕವೇ ಬೇರೆ. 12 ವೋಲ್ಟ್‌ನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿರುವುದು ಸುಮಾರು 1,200 ವಾಟ್-ಅವರ್, ಅಂದರೆ 1,200 ವಾಟ್ ಹೊರೆಯನ್ನು ಒಂದು ಗಂಟೆ ನಡೆಸುವಷ್ಟು. ಅದಕ್ಕೆ ಇನ್ವರ್ಟರ್ ಜೋಡಿಸಿ ಅದೇ ಹೀಟರ್ ಹಚ್ಚಿದರೆ ಮುಕ್ಕಾಲು ಗಂಟೆಯಲ್ಲಿ ಬ್ಯಾಟರಿ ಬರಿದು. ಆದರೆ 12 ವೋಲ್ಟ್‌ನಲ್ಲೇ ನಡೆಯುವ 50 ವಾಟ್‌ನ ಬಿಸಿ ಹಾಸು ಎಂಟು ಗಂಟೆ ಉರಿದರೂ ತಿನ್ನುವುದು 400 ವಾಟ್-ಅವರ್ ಮಾತ್ರ. ನನ್ನ ಮಟ್ಟಿಗೆ ಕಡಿಮೆ ಖರ್ಚಿನ ಗುಟ್ಟು ಇರುವುದು ಇಲ್ಲೇ: ಟ್ರೇಲರನ್ನು ಕಾಯಿಸಲು ಹೋಗಬೇಡಿ, ಹಾಸಿಗೆಯನ್ನು ಕಾಯಿಸಿ. ಮೂಗಿನ ತುದಿ ತಣ್ಣಗಿದ್ದರೂ ನಿದ್ದೆ ಬರುತ್ತದೆ. ಪಾದ ತಣ್ಣಗಿದ್ದರೆ ಬರುವುದಿಲ್ಲ. ಬಿಸಿನೀರಿನ ರಬ್ಬರ್ ಚೀಲವನ್ನು ಮಲಗುವ ಕಾಲು ಗಂಟೆ ಮೊದಲೇ ಹೊದಿಕೆಯೊಳಗೆ ಕಾಲಿನ ಕಡೆ ಇಡಿ. ಮೈಯಡಿಯ ಹಾಸಿಗೆ ಭಾರಕ್ಕೆ ಅಮುಕಿ ತೆಳುವಾಗುವುದರಿಂದ ಚಳಿ ಕೆಳಗಿನಿಂದಲೂ ಹತ್ತುತ್ತದೆ. ಹೊದ್ದುಕೊಳ್ಳಲು ಮೂರನೆಯ ರಗ್ಗು ಹುಡುಕುವ ಬದಲು ಒಂದು ಉಣ್ಣೆ ಕಂಬಳಿಯನ್ನು ಅಡಿಗೆ ಹಾಸಿ. ಊರಿನಿಂದ ತಂದ ಚಳ್ಳಕೆರೆ ಕಂಬಳಿ ಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿದ್ದರೆ ಅದಕ್ಕೂ ಕೆಲಸ ಸಿಗಲಿ.

ಸಂಜೆ ಊಟದ ಹೊತ್ತಿಗೆ ಗೂಡು ಬೆಚ್ಚಗಾಗಲಿ ಎನ್ನುವವರಿಗೆ ಒಳಾಂಗಣ ಬಳಕೆಗೆಂದೇ ತಯಾರಾದ, ಪ್ರೊಪೇನ್ ಎಂಬ ಸಿಲಿಂಡರ್ ಅನಿಲದಿಂದ ಉರಿಯುವ ಸಣ್ಣ ಹೀಟರ್ ಇದೆ. ಇದು ನಿಮ್ಮ ಕೋಣೆಯ ಗಾಳಿಯನ್ನೇ ಬಳಸಿ ಉರಿಯುತ್ತದೆ. ಹಾಗಾಗಿ ಆಮ್ಲಜನಕ ಕಡಿಮೆಯಾದರೆ ತಾನೇ ಆರುವ ವ್ಯವಸ್ಥೆ ಇರುವುದನ್ನೇ ಕೊಳ್ಳಿ, ಕಿಟಕಿ ಸ್ವಲ್ಪ ತೆರೆದಿರಲಿ, ಮಲಗುವ ಮುನ್ನ ಆರಿಸಿ. ಕೊಲೊರಾಡೋದ ಎತ್ತರದ ಬೆಟ್ಟಗಳಲ್ಲಿ ಗಾಳಿಯೇ ತೆಳುವಾದ್ದರಿಂದ ಈ ಹೀಟರುಗಳು ಕೆಟ್ಟಿರದಿದ್ದರೂ ಪದೇ ಪದೇ ಆರಿಹೋಗಬಹುದು. ಆಗ ಸುರಕ್ಷತಾ ಸಾಧನವನ್ನು ಬಿಚ್ಚಿಹಾಕುವ ಜಾಣತನ ಬೇಡ. ಅನಿಲದ ಆಯ್ಕೆಯೂ ಮುಖ್ಯ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ಉರಿದ ಬ್ಯೂಟೇನ್ ಒಲೆ ಅಕ್ಟೋಬರ್ ಬೆಳಿಗ್ಗೆ ಮುನಿಸಿಕೊಳ್ಳುವುದು ಇದಕ್ಕೇ.

ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮಾತ್ರ ಒಳಗೆ ತರಲೇಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಕೆಂಡದಲ್ಲಿ ಹೊಗೆ ಕಾಣದಿರುವುದೇ ಮೋಸ; ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಅದರಿಂದ ಧಾರಾಳವಾಗಿ ಹೊರಬೀಳುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಿದವರು ಏಳಲಿಲ್ಲ ಎಂಬ ಸುದ್ದಿ ಉತ್ತರ ಭಾರತದಿಂದ ಚಳಿಗಾಲದಲ್ಲಿ ಬರುತ್ತಲೇ ಇರುತ್ತದೆ. ಯಾವ ಹೀಟರ್ ಕೊಂಡರೂ ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚುವ ಅಲಾರಂ ಒಂದಿರಲಿ. ಇನ್ನು ಮಣ್ಣಿನ ಹೂಕುಂಡದಡಿ ಮೇಣದ ದೀಪ ಹಚ್ಚಿಟ್ಟರೆ ಕೋಣೆ ಬೆಚ್ಚಗಾಗುತ್ತದೆ ಎಂಬ ವಿಡಿಯೊಗಳು. ಒಂದು ಪುಟ್ಟ ದೀಪದ ಶಾಖ 30–40 ವಾಟ್. ಕುಂಡ ಮುಚ್ಚಿದ ಮಾತ್ರಕ್ಕೆ ಅದು ಹೆಚ್ಚುವುದಿಲ್ಲ. ಸುಮ್ಮನೆ ಕುಳಿತ ಮನುಷ್ಯನೇ ನೂರು ವಾಟ್ ಕೊಡುತ್ತಾನೆ. ಅಷ್ಟಕ್ಕಾಗಿ ಬೆಂಕಿಯ ಅಪಾಯ ಏಕೆ, ಒಬ್ಬ ನೆಂಟನನ್ನು ಕರೆದುಕೊಂಡು ಹೋಗಿ.

ಪ್ರತಿ ವಾರಾಂತ್ಯ ಹೊರಡುವವರಾದರೆ ಸಣ್ಣ ಡೀಸೆಲ್ ಹೀಟರ್ ಯೋಚಿಸಬಹುದು. ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದುಕೊಂಡು ಹೊಗೆಯನ್ನು ಕೊಳವೆಯ ಮೂಲಕ ಹೊರಗೇ ಬಿಡುವುದರಿಂದ, ಸರಿಯಾಗಿ ಅಳವಡಿಸಿದ್ದರೆ, ರಾತ್ರಿಯಿಡೀ ಹಚ್ಚಿಡಬಹುದು. 2 ಕಿಲೋವಾಟ್‌ನದು ಗಂಟೆಗೆ ಕಾಲು ಲೀಟರಿನೊಳಗೆ ಮುಗಿಸುತ್ತದೆ. ಹೊತ್ತಿಕೊಳ್ಳುವಾಗ ಕೆಲವು ನಿಮಿಷ ಬ್ಯಾಟರಿಯಿಂದ ಹೆಚ್ಚು ಎಳೆದು, ಆಮೇಲೆ ಒಂದೆರಡು ಆಂಪಿಯರ್‌ಗೆ ಇಳಿಯುತ್ತದೆ. ಹೊಗೆ ಕೊಳವೆಯ ಬಾಯಿ ಕಿಟಕಿಯ ಕೆಳಗೆ ಬರಬಾರದು.

ಹೀಟರ್ ಯಾವುದಾದರೂ ಇರಲಿ, ಶಾಖ ಸೋರುವುದು ಕಿಟಕಿಗಳಲ್ಲಿ. ಒಂದೇ ಪದರದ ಗಾಜು, ಒಂದಿಂಚು ಫೋಮ್ ತುಂಬಿದ ಗೋಡೆಗಿಂತ ನಾಲ್ಕೈದು ಪಟ್ಟು ಶಾಖ ಬಿಡುತ್ತದೆ. ಗಟ್ಟಿ ಫೋಮ್ ಹಾಳೆಯನ್ನು ಕಿಟಕಿಯ ಅಳತೆಗೆ ಕತ್ತರಿಸಿ ರಾತ್ರಿ ಒತ್ತಿಡಿ. ಕೆಲವೇ ಡಾಲರಿನ ಕೆಲಸ. ಹಾಗೆಂದು ಎಲ್ಲ ಸಂದುಗಳನ್ನೂ ಬಿಗಿದರೆ ತೇವ ಕಾಡುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಜೊತೆಗೆ ಇಬ್ಬರ ಉಸಿರು. ಅದೆಲ್ಲ ತಣ್ಣನೆಯ ಗೋಡೆಯಲ್ಲೂ ಹಾಸಿಗೆಯಡಿಯ ಹಲಗೆಯಲ್ಲೂ ನೀರಾಗಿ ಕೂರುತ್ತದೆ. ಚಾವಣಿಯ ಗಾಳಿಕಿಂಡಿಯನ್ನು ಎರಡು ಬೆರಳಷ್ಟು ತೆರೆದೇ ಮಲಗಿ, ಬೆಳಿಗ್ಗೆ ಎದ್ದೊಡನೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ.