ಬೀಡಿ ಬಿಡಿಸುವ ಎರಡು ನಿಮಿಷ

"ಮನಸ್ಸು ಗಟ್ಟಿ ಇದ್ರೆ ಸಾಕು, ಬೀಡಿ ಬಿಡೋದೇನು ಮಹಾ?" ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇದನ್ನು ಕೇಳಿ ಕೇಳಿಯೇ ಎಷ್ಟೋ ಜನ ತಾವು ಕೈಲಾಗದವರು ಅಂದುಕೊಂಡಿದ್ದಾರೆ. ಡಾಕ್ಟರ ಮುಂದೆ ವಿಷಯ ಎತ್ತಲೂ ನಾಚಿಕೊಳ್ಳುತ್ತಾರೆ. ಡಾಕ್ಟರೂ ಎಷ್ಟೋ ಸಲ ಕೇಳುವುದಿಲ್ಲ. ಹೊರಗೆ ಅಷ್ಟುದ್ದ ಸಾಲು ಇರುವಾಗ ಒಂದು ಮಾತು ಹೇಳಿ ಏನು ಪ್ರಯೋಜನ, ಅಲ್ವಾ?

ಪ್ರಯೋಜನ ಇದೆ. ಲಂಡನ್ನಿನ ಮನೋವೈದ್ಯ ಮೈಕೆಲ್ ರಸೆಲ್ ಇದನ್ನು ಪರೀಕ್ಷಿಸಿಯೇ ನೋಡಿದರು. 28 ಫ್ಯಾಮಿಲಿ ಡಾಕ್ಟರುಗಳು, ಅವರ ಬಳಿ ಯಾವ್ಯಾವುದೋ ಕಾರಣಕ್ಕೆ ಬಂದ 2,138 ಸಿಗರೇಟು ಸೇದುವವರು. ಕೆಲವರಿಗೆ ಏನೂ ಹೇಳಲಿಲ್ಲ. ಇನ್ನು ಕೆಲವರಿಗೆ ಒಂದೆರಡು ನಿಮಿಷ ಬುದ್ಧಿ ಹೇಳಿ, ಒಂದು ಕರಪತ್ರ ಕೊಟ್ಟು, "ಮುಂದೆ ವಿಚಾರಿಸ್ತೀವಿ" ಅಂದರು. ವರ್ಷವಾದ ಮೇಲೆ ನೋಡಿದರೆ, ಮೊದಲ ಗುಂಪಿನಲ್ಲಿ ಬಿಟ್ಟವರು ನೂರಕ್ಕೆ 0.3. ಎರಡನೆಯದರಲ್ಲಿ 5.1. ಇದು ಪ್ರಕಟವಾದದ್ದು 1979ರಲ್ಲಿ.

ಐದು ಅಂದರೆ ಕಮ್ಮಿ ಅನಿಸಬಹುದು. ಆದರೆ ಬ್ರಿಟನ್ನಿನ ಎಲ್ಲ ಫ್ಯಾಮಿಲಿ ಡಾಕ್ಟರುಗಳೂ ಹೀಗೇ ಮಾಡಿದರೆ ವರ್ಷಕ್ಕೆ ಐದು ಲಕ್ಷಕ್ಕೂ ಜಾಸ್ತಿ ಜನ ಬಿಡುತ್ತಾರೆ ಎಂದು ರಸೆಲ್ ಲೆಕ್ಕ ಹಾಕಿದರು. ಚಟ ಬಿಡಿಸುವ ವಿಶೇಷ ಕ್ಲಿನಿಕ್ಕುಗಳನ್ನು ಐವತ್ತರಿಂದ ಹತ್ತು ಸಾವಿರಕ್ಕೆ ಏರಿಸಿದರೂ ಅಷ್ಟು ಆಗದು ಎಂದರು.

ಉಳಿದ ತೊಂಬತ್ತೈದು ಜನ ಯಾಕೆ ಬಿಡಲಿಲ್ಲ? ಹೊಗೆ ಎಳೆದ 10-20 ಸೆಕೆಂಡಿನಲ್ಲಿ ತಂಬಾಕಿನಲ್ಲಿರುವ ನಿಕೋಟಿನ್ ಮೆದುಳು ಮುಟ್ಟುತ್ತದೆ. ಅಲ್ಲಿನ ಜೀವಕೋಶಗಳ ಮೇಲೆ ಗ್ರಾಹಕಗಳು (ರಿಸೆಪ್ಟರ್) ಎಂಬ ಕೊಂಡಿಗಳಿವೆ. ಅವಕ್ಕೆ ಅಂಟಿಕೊಂಡು, ಹಿತ ಅನಿಸುವಂತೆ ಮಾಡುವ ಡೋಪಮೀನ್ ಎಂಬ ರಾಸಾಯನಿಕ ಹೊರಬರುವಂತೆ ಮಾಡುತ್ತದೆ. ವರ್ಷಗಟ್ಟಲೆ ಸೇದಿದರೆ ಆ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ಬಿಟ್ಟ ಮೊದಲ ಎರಡು ಮೂರು ದಿನ ಅವೆಲ್ಲ ಸಾಲ ಕೊಟ್ಟವರ ಹಾಗೆ ನಿಕೋಟಿನ್ ಕೇಳುತ್ತಾ ಬಾಗಿಲಿಗೆ ಬಂದು ನಿಲ್ಲುತ್ತವೆ. ಸಿಡಿಮಿಡಿ, ನಿದ್ದೆ ಇಲ್ಲ, ಕೆಲಸದಲ್ಲಿ ಮನಸ್ಸಿಲ್ಲ. ಇದು ಮೆದುಳಿನಲ್ಲಿ ಆದ ಬದಲಾವಣೆ. ಎಷ್ಟೋ ಜನರಿಗೆ ಇದಕ್ಕೆ ಔಷಧಿ ಬೇಕಾಗುತ್ತದೆ.

ಒಂದು ಔಷಧಿ ನಿಕೋಟಿನ್ ಗಮ್, ಅಂದರೆ ನಿಕೋಟಿನ್ ಸೇರಿಸಿದ ಚೂಯಿಂಗ್ ಗಮ್. ಸ್ವೀಡನ್ನಿನ ಸಬ್‌ಮರೀನುಗಳಲ್ಲಿ ಸೇದುವ ಹಾಗಿಲ್ಲದಾಗ ನಾವಿಕರು ತಂಬಾಕು ಬಾಯಿಗೆ ಹಾಕಿಕೊಳ್ಳುತ್ತಿದ್ದರು. 1960ರ ದಶಕದಲ್ಲಿ ಈ ಸಂಗತಿ ತಿಳಿದ ಓವೆ ಫೆರ್ನೋ ಅನ್ನುವ ಅಲ್ಲಿನ ಔಷಧ ಸಂಶೋಧಕರು ಗಮ್ ತಯಾರಿಸಲು ಹೊರಟರು. ಅದರ ಗುಟ್ಟು ನಮ್ಮವರಿಗೆ ಹಳೆಯದೇ. ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ಹಾಕಿ ಹೆಬ್ಬೆರಳಿನಲ್ಲಿ ತಿಕ್ಕುವುದು ಯಾಕೆ? ಸುಣ್ಣ ಕ್ಷಾರ. ಕ್ಷಾರವಿದ್ದರೆ ನಿಕೋಟಿನ್ ಬಾಯಿಯ ಒಳಪದರ ದಾಟಿ ಬೇಗ ರಕ್ತ ಸೇರುತ್ತದೆ. ಗಮ್ಮಿಗೂ ಕ್ಷಾರೀಯ ಲವಣ ಬೆರೆಸಿರುತ್ತಾರೆ. ಅದಕ್ಕೇ ಕಾಫಿ ಕುಡಿದ ಕೂಡಲೇ ಗಮ್ ಹಾಕಬಾರದು. ಕಾಫಿಯ ಆಮ್ಲ ಆ ಕೆಲಸ ಕೆಡಿಸುತ್ತದೆ, 15 ನಿಮಿಷ ಬಿಡಬೇಕು. ಸುಮ್ನೆ ಜಗಿಯುತ್ತಾ ಇರಲೂಬಾರದು. ಚುರುಗುಟ್ಟುವವರೆಗೆ ಮೆಲ್ಲಗೆ ಜಗಿದು ಕೆನ್ನೆಯೊಳಗೆ ಇಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. "ಗಮ್ ಕೆಲಸ ಮಾಡಲಿಲ್ಲ" ಅನ್ನುವ ಎಷ್ಟೋ ಜನರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ನಮ್ಮ ಆರೋಗ್ಯ ಕೇಂದ್ರಗಳಲ್ಲಿ "ಸಿಗರೇಟು ಸೇದ್ತೀರಾ?" ಎಂದಷ್ಟೇ ಕೇಳಿದರೆ ಸಾಲದು. 2016-17ರ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಹೊಗೆಯಿಲ್ಲದ ತಂಬಾಕು ಹಾಕುವವರು ಶೇ. 21.4, ಸೇದುವವರು ಶೇ. 10.7. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿಗೆ ಸಿಗರೇಟಿನ ಪ್ರಶ್ನೆ ಕೇಳಿದರೆ "ಇಲ್ಲಪ್ಪ" ಅಂದಾರು, ಅದು ಸುಳ್ಳೂ ಅಲ್ಲ. ಕಡ್ಡಿಪುಡಿ, ಗುಟ್ಕಾ ಎಲ್ಲವನ್ನೂ ಹೆಸರಿಟ್ಟು ಕೇಳಬೇಕು. ಚೀಟಿಯಲ್ಲಿ ಬರೆದಿಟ್ಟುಕೊಂಡು ಮುಂದಿನ ಸಲ ಬಂದಾಗ ಮತ್ತೆ ವಿಚಾರಿಸಬೇಕು. ಸಮಯವೇ ಇಲ್ಲದಿದ್ದರೆ ಅದೇ ಚೀಟಿಯ ಮೇಲೆ ತಂಬಾಕು ಬಿಡಿಸುವ ಉಚಿತ ಸಹಾಯವಾಣಿಯ ನಂಬರಾದರೂ ಬರೆದುಕೊಡಲಿ: 1800-11-2356.