ಮಂಡಕ್ಕಿ ಭಟ್ಟಿಯಿಂದ ಮೆಕ್ಕೆಜೋಳದ ಹುಳುವಿನವರೆಗೆ

ದಾವಣಗೆರೆ ಹೇಗೆ ಉಣ್ಣುತ್ತದೆ ಎಂದು ತಿಳಿಯಲು ಹೊರಟ ಸಂಶೋಧಕರು ಬೆಣ್ಣೆದೋಸೆಯ ಆಸೆ ಬದಿಗಿಟ್ಟು ಮೊದಲು ಮಂಡಕ್ಕಿ ಭಟ್ಟಿಗೆ ಹೋಗುವುದು ಒಳ್ಳೆಯದು. ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ, ಹುರಿದು, ಹೊಟ್ಟು ತೆಗೆದ ಅಕ್ಕಿಗೆ ಉಪ್ಪುನೀರು ಬೆರೆಸಿ ಒಣಗಿಸಿರುತ್ತಾರೆ. ಕಾದ ಮರಳಿಗೆ ಬಿದ್ದೊಡನೆ ಕಾಳಿನಲ್ಲಿ ಉಳಿದ ಅಷ್ಟಿಷ್ಟು ತೇವ ಹಬೆಯಾಗುತ್ತದೆ; ಮೆತ್ತಗಾದ ಪಿಷ್ಟ ಆ ಒತ್ತಡಕ್ಕೆ ಉಬ್ಬಿ, ತಣಿಯುತ್ತಲೇ ಹಾಗೆಯೇ ಗಟ್ಟಿಯಾಗುತ್ತದೆ. ಪ್ರತಿ ಕಾಳನ್ನೂ ಸುತ್ತುವರಿದು ಒಂದೇ ಸಮ ಕಾವು ಕೊಡಲು ಮರಳೇ ಬೇಕು, ಬರಿಯ ಬಾಣಲೆಗೆ ಆಗದು. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹೊಟ್ಟು, ಅದೂ ಉರುವಲಾಗುತ್ತದೆ. ಹೊಗೆ ಮಾತ್ರ ಕೆಲಸಗಾರರ ಪಾಲಿಗೆ.

ಭಟ್ಟಿಯಿಂದ ಹಿಂದೆ ಹಿಂದೆ ನಡೆದರೆ ಸಿಗುವುದು ಭದ್ರಾ ನಾಲೆ. ದಾವಣಗೆರೆ, ಹರಿಹರ, ಮಲೇಬೆನ್ನೂರು ಸುತ್ತಲಿನ ಭತ್ತದ ಗದ್ದೆಗಳು ಅದನ್ನೇ ನಂಬಿವೆ. ಪೇಟೆಗೆ ಕುಡಿಯುವ ನೀರು ಕೊಡುವ ಕುಂದವಾಡ ಕೆರೆ ತುಂಬುವುದೂ ಅದರಿಂದಲೇ. 2023ರ ಬರದಲ್ಲಿ ನಾಲೆಗೆ ಆನ್-ಆಫ್ ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಎಂದಾಗ ರೈತರು ಬೀದಿಗಿಳಿದರು.

ಇಲ್ಲಿ ಕೆನಡಾದ ಪರಿಸರ ವಿಜ್ಞಾನಿ ಸಿ. ಎಸ್. ಹಾಲಿಂಗ್ ನೆನಪಾಗುತ್ತಾರೆ. ಕಣ್ಣು ಕಟ್ಟಿದ ಸಹಾಯಕರಿಂದ ಮೇಜಿನ ಮೇಲಿನ ಉಪ್ಪುಕಾಗದದ ಬಿಲ್ಲೆಗಳನ್ನು ತಡಕಾಡಿಸಿ, ಬೇಟೆಯಾಡುವ ಪ್ರಾಣಿ ಎಷ್ಟು ತಿನ್ನಬಲ್ಲದು ಎಂಬುದಕ್ಕೆ ಸೂತ್ರ ಕಂಡುಕೊಂಡವರು ಅವರು. ಸೂಜಿಯಂಥ ಎಲೆಯ ಸ್ಪ್ರೂಸ್ ಮರಗಳ ಕಾಡನ್ನು ತಿನ್ನುವ ಹುಳುವನ್ನೂ ಬೆನ್ನುಹತ್ತಿದರು. ಔಷಧಿ ಸಿಂಪಡಿಸಿ ಹುಳುವನ್ನು ಹದ್ದುಬಸ್ತಿನಲ್ಲಿಟ್ಟರೆ ಕಾಡು ಹಸಿರಾಗಿಯೇ ಕಾಣುತ್ತದೆ, ಆದರೆ ಮುಂದಿನ ದೊಡ್ಡ ಹಾವಳಿಗೆ ಒಳಗೊಳಗೇ ಅಣಿಯಾಗಿರುತ್ತದೆ. ಏರುಪೇರಿಲ್ಲದೆ ಇರುವುದು ಬೇರೆ, ಪೆಟ್ಟು ತಿಂದೂ ಉಳಿಯುವುದು ಬೇರೆ ಎಂದು 1973ರಲ್ಲಿ ಅವರು ವಾದಿಸಿದರು. ನಗರಗಳ ತಾಳಿಕೆಯ ಶಕ್ತಿಯನ್ನು ಅಳೆಯುವವರು ಇಂದು ದುಡಿಯುತ್ತಿರುವುದು ಈ ಕೀಟಶಾಸ್ತ್ರದ ಬಂಡವಾಳದ ಮೇಲೆಯೇ. ನಾಲೆ ನಮಗೆ ಏರುಪೇರಿಲ್ಲದ ಸ್ಥಿತಿಯನ್ನು ಧಾರಾಳವಾಗಿ ಕೊಟ್ಟಿತು. ಪೆಟ್ಟು ತಿಂದೂ ಉಳಿಯುವ ಶಕ್ತಿಯನ್ನು ಕೊಟ್ಟಿತೆಂದು ನನಗನ್ನಿಸುವುದಿಲ್ಲ.

ನಾಲೆ ಮುಟ್ಟದ ಜಗಳೂರಿನ ಕಡೆಯಾದರೂ ಬಗೆಬಗೆಯ ಬೆಳೆ ಇರಬೇಕಿತ್ತಲ್ಲ? ಅಲ್ಲಿ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಅದರಲ್ಲೂ ದೊಡ್ಡ ಪಾಲು ಕೋಳಿ ಆಹಾರಕ್ಕೆ ಹೋಗುವಂಥದ್ದು. 2018ರಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಫಾಲ್ ಸೈನಿಕ ಹುಳು ಪತ್ತೆಯಾದದ್ದು ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಒಂದೇ ಬೆಳೆಯ ಬಯಲು ಸಿಕ್ಕರೆ ಹುಳುವಿಗೆ ಇನ್ನೇನು ಬೇಕು!

ಬ್ರೆಜಿಲಿನ ಬೆಲೊ ಹೊರಿಜೊಂಟೆ ನಗರ 1993ರಲ್ಲೇ ಆಹಾರಕ್ಕೆಂದು ಪ್ರತ್ಯೇಕ ಇಲಾಖೆ ತೆರೆದು, ಶಾಲೆಯ ಊಟ, ಅಗ್ಗದ ಊಟದ ಮನೆ, ರೈತರ ನೇರ ಮಾರಾಟ ಎಲ್ಲವನ್ನೂ ಅದರ ಕೈಗಿತ್ತಿತು. ದಾವಣಗೆರೆಯಲ್ಲಿ ಅಂಥದ್ದು ನಡೆಯಬೇಕಾದರೆ ಹಾಸ್ಟೆಲುಗಳ ತಟ್ಟೆಗೆ ನವಣೆ, ಸಾಮೆ ಬರಬೇಕು ಎನ್ನುವವರಿದ್ದಾರೆ, ನಾನೂ ಅವರ ಪರ. ಆದರೆ ಈ ಕಾಳುಗಳ ಗಟ್ಟಿ ಸಿಪ್ಪೆ ಬಿಡಿಸುವುದು ಹೆಂಗಸರ ರಟ್ಟೆ ಸೋಲಿಸುವ ಕೆಲಸವಾಗಿತ್ತು. ಅವು ಹಿಂದೆ ಸರಿದದ್ದಕ್ಕೆ ಅದೂ ಒಂದು ಕಾರಣ. ಹತ್ತಿರದಲ್ಲೊಂದು ಸಿರಿಧಾನ್ಯದ ಗಿರಣಿ ತೆರೆಯದೆ ಬೆಳೆಯಿರಿ ಎಂದು ಉಪದೇಶಿಸಿದರೆ ಜಗಳೂರಿನವರು ಮತ್ತೆ ಮೆಕ್ಕೆಜೋಳವನ್ನೇ ಬಿತ್ತುತ್ತಾರೆ.