ಮಗುವಿಗೆ ರಕ್ತ ಕಮ್ಮಿ, ತಾಯಿ ಕಾರ್ಡ್ ತೋರಿಸಿ

ನಾನು ಮಕ್ಕಳ ಡಾಕ್ಟರ್. ಬಸುರಿಯರ ಕಬ್ಬಿಣದ ಮಾತ್ರೆ ನನ್ನ ಕೆಲಸವಲ್ಲ. ಆದರೂ ಎಂಟೊಂಬತ್ತು ತಿಂಗಳ ಮಗುವಿನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಒಳಗೆ ಕೆಂಪೇ ಇಲ್ಲ ಅಂದಾಗ ನಾನು ಮೊದಲು ಕೇಳುವುದು ಮಗುವಿನ ಊಟದ ವಿಷಯ ಅಲ್ಲ. "ನಿಮ್ಮ ತಾಯಿ ಕಾರ್ಡ್ ತಂದಿದ್ದೀರಾಮ್ಮ?" ಅಂತ. ಹುಷಾರಿಲ್ಲದಿರುವುದು ಮಗುವಿಗೆ, ಇವರು ನನ್ನ ಕಾರ್ಡ್ ಯಾಕೆ ಕೇಳುತ್ತಾರೆ ಅಂತ ತಾಯಂದಿರು ಮುಖ ಮುಖ ನೋಡುತ್ತಾರೆ.

ಬಸುರಿಯಲ್ಲಿ ಮಾಡಿಸಿದ ತಪಾಸಣೆ ಬರೆದಿಡುವ ಆ ಕಾರ್ಡ್ ಬಿಚ್ಚಿದರೆ ಬಹಳ ಸಲ ಒಂದೇ ಕಥೆ. ನಾಲ್ಕನೇ ತಿಂಗಳಲ್ಲಿ ಹಿಮೋಗ್ಲೋಬಿನ್ 9.4. ಆರನೇ ತಿಂಗಳ ಕೊನೆಗೆ 11.1. ಆಮೇಲೆ?

"ಆಮೇಲೆ ರಕ್ತ ಸರಿ ಹೋಯ್ತಲ್ಲ ಮೇಡಂ, ಮಾತ್ರೆ ಬಿಟ್ಟೆ."

ಪಕ್ಕದಲ್ಲಿ ಕೂತ ಅತ್ತೆ ದನಿಗೂಡಿಸುತ್ತಾರೆ: "ನಾವೆಲ್ಲ ಯಾವ ಮಾತ್ರೆ ನುಂಗಿದ್ವಿ? ನಾಲ್ಕು ಹೆತ್ತಿಲ್ವಾ?"

ಹೆತ್ತಿದ್ದೀರಿ, ಇಲ್ಲ ಅನ್ನೋರು ಯಾರು. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನ ಆಯಿತು ಅಂದರೆ ತಲೆ ಸುತ್ತು ಅಂತ ವರ್ಷಗಟ್ಟಲೆ ಕಳೆದಿದ್ದೂ ನೀವೇ. ಅದನ್ನು ಯಾರೂ ಲೆಕ್ಕ ಇಡಲಿಲ್ಲ ಅಷ್ಟೆ.

ನನಗೆ ತಲೆ ಕೆಡುವುದು ಮಾತ್ರೆ ಬಿಟ್ಟಿದ್ದಕ್ಕಲ್ಲ, ಬಿಟ್ಟ ತಿಂಗಳಿಗೆ. ಏಳನೇ ತಿಂಗಳು! ಮಗು ತನ್ನ ಪಾಲಿನ ಕಬ್ಬಿಣದ ಹೆಚ್ಚಿನ ಭಾಗವನ್ನು ತಾಯಿಯಿಂದ ಎಳೆದುಕೊಳ್ಳುವುದೇ ಕೊನೆಯ ಮೂರು ತಿಂಗಳಲ್ಲಿ. ಅಷ್ಟು ದಿನ ನುಂಗಿದ ಮಾತ್ರೆ ತಾಯಿಯ ಸೊರಗಿದ ರಕ್ತವನ್ನು ಒಂದು ಮಟ್ಟಕ್ಕೆ ತಂದಿರುತ್ತದೆ. ಮಗುವಿನ ಸರದಿ ಬರುವ ಹೊತ್ತಿಗೆ ನಾವು ಬಾಗಿಲು ಹಾಕುತ್ತೇವೆ.

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹಿಮೋಗ್ಲೋಬಿನ್ ಅಂದರೆ ಅಡುಗೆಮನೆಯ ಡಬ್ಬಿಯಲ್ಲಿರುವ ಅಕ್ಕಿ. ಇವತ್ತಿನ ಅನ್ನಕ್ಕೆ ಸಾಕು ಅಂತ ಮಾತ್ರ ಅದು ಹೇಳುತ್ತದೆ. ಕೋಣೆಯಲ್ಲಿ ಮೂಟೆ ಇದೆಯೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ದೇಹದ ದಾಸ್ತಾನು ತಿಳಿಯಬೇಕಾದರೆ ಫೆರಿಟಿನ್ ಅನ್ನುವ ಬೇರೆ ಪರೀಕ್ಷೆ ಬೇಕು, ಅದನ್ನು ಎಲ್ಲರಿಗೂ ಮಾಡಿಸುವುದಿಲ್ಲ. ಹಿಮೋಗ್ಲೋಬಿನ್ 11 ದಾಟಿದ ತಾಯಿಯಲ್ಲೂ ದಾಸ್ತಾನು ಬರಿದಾಗಿರಬಹುದು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಬಸುರಿ ಆಗುವ ಹೊತ್ತಿಗೇ ದಾಸ್ತಾನು ಖಾಲಿ ಮಾಡಿಕೊಂಡಿರುತ್ತಾರೆ.

ಒಂದು ಬಸುರಿಗೆ ಒಟ್ಟು ಬೇಕಾಗುವ ಕಬ್ಬಿಣ ಸುಮಾರು 1000 ಮಿಲಿಗ್ರಾಂ. ಅದರಲ್ಲಿ 300ರಷ್ಟು ಮಗು ಮತ್ತು ಮಾಸಿನ ಪಾಲು. ತಿಂಗಳು ತುಂಬಿ ಹುಟ್ಟಿದ ಮಗು ಕೆಜಿಗೆ ಸುಮಾರು 75 ಮಿಲಿಗ್ರಾಂ ಕಬ್ಬಿಣ ಹೊತ್ತು ಬರುತ್ತದೆ. ಮುಂದಿನ ಆರು ತಿಂಗಳು ಹೆಚ್ಚುಕಮ್ಮಿ ಅದರಲ್ಲೇ ಸಂಸಾರ. ಯಾಕೆಂದರೆ ಒಂದು ಲೀಟರ್ ಎದೆಹಾಲಿನಲ್ಲಿ ಕಬ್ಬಿಣ ಅರ್ಧ ಮಿಲಿಗ್ರಾಂ ಕೂಡ ಇರುವುದಿಲ್ಲ. ಹಾಗಂತ ಎದೆಹಾಲು ಬಿಡಿಸಿ ಹಸುವಿನ ಹಾಲು ಹಿಡಿಸಬೇಡಿ, ಅದರಲ್ಲೂ ಕಬ್ಬಿಣ ಇಲ್ಲ. ಮೇಲಾಗಿ ವರ್ಷದೊಳಗಿನ ಮಗುವಿನ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಸೋರಬಹುದು. ಎದೆಹಾಲಿನ ಲೆಕ್ಕಾಚಾರ ಸರಿಯಾಗಿಯೇ ಇದೆ. ಮಗು ಬುತ್ತಿ ತಂದಿರುತ್ತದೆ ಅನ್ನುವ ಭರವಸೆ ಮೇಲೆ ಅದು ನಿಂತಿದೆ.

ಬುತ್ತಿ ಕಮ್ಮಿ ಬಿದ್ದರೆ ಏನಾಗುತ್ತದೆ? ತೀವ್ರ ರಕ್ತಹೀನತೆ ಇದ್ದ ತಾಯಂದಿರಲ್ಲಿ ದಿನ ತುಂಬದ ಹೆರಿಗೆ, ತೂಕ ಕಮ್ಮಿ ಇರುವ ಮಗು ಜಾಸ್ತಿ. ಇದು ಎಲ್ಲರಿಗೂ ಗೊತ್ತಿರುವ ಮಾತು. ಅಷ್ಟಾಗಿ ಗೊತ್ತಿಲ್ಲದ್ದು ಇನ್ನೊಂದು. ಹೊಟ್ಟೆಯಲ್ಲಿರುವ ಮಗುವಿಗೆ ಕಬ್ಬಿಣ ಸಾಲದಾದಾಗ ಅದು ಮೊದಲು ಕೆಂಪು ರಕ್ತಕಣಗಳಿಗೆ ಕೊಡುತ್ತದೆ. ಮಿದುಳಿನ ಪಾಲು ಆಮೇಲೆ. ಅಂದರೆ ಹುಟ್ಟಿದ ಮಗುವಿನ ರಕ್ತ ಪರೀಕ್ಷೆ ಚೆನ್ನಾಗಿಯೇ ಬಂದಿರಬಹುದು, ಮಿದುಳು ಮಾತ್ರ ಕೊರತೆಯಲ್ಲಿ ಬೆಳೆದಿರಬಹುದು. ನೆನಪಿನ ಕೆಲಸ ಮಾಡುವ ಭಾಗಕ್ಕೆ, ನರಗಳ ಮೇಲಿನ ಹೊದಿಕೆ ಕಟ್ಟಲಿಕ್ಕೆ ಕಬ್ಬಿಣ ಬೇಕು. ಆ ಸಮಯ ದಾಟಿದ ಮೇಲೆ ಸಿರಪ್ ಹಾಕಿ ರಕ್ತ ಏರಿಸಬಹುದು, ಮಿದುಳಿನ ನಷ್ಟ ಪೂರ್ತಿ ತುಂಬುತ್ತದೆ ಅಂತ ನಾನು ಮಾತು ಕೊಡಲಾರೆ.

ಇಲ್ಲಿ ಸ್ವಲ್ಪ ತಡೆದು ಹೇಳಬೇಕು. ಮಾತ್ರೆ ಬಿಟ್ಟ ತಾಯಿಯ ಮಗು ದಡ್ಡ ಆಗುತ್ತದೆ ಅಂತ ಯಾರೂ ಅರ್ಥ ಮಾಡಿಕೊಳ್ಳಬೇಡಿ. ಮಾಸು ಬಹಳ ಹಟಮಾರಿ. ತಾಯಿಗೆ ಕೊರತೆ ಇದ್ದರೂ ಮಗುವಿಗೆ ಎಳೆದುಕೊಡುತ್ತದೆ, ಒಂದು ಮಿತಿಯ ತನಕ. ನೇಪಾಳದ ಸರ್ಲಾಹಿ ಜಿಲ್ಲೆಯಲ್ಲಿ ಬಸುರಿಯಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಪಡೆದವರ ಮಕ್ಕಳನ್ನು ಏಳರಿಂದ ಒಂಬತ್ತು ವರ್ಷದಲ್ಲಿ ಪರೀಕ್ಷಿಸಿದಾಗ ಬುದ್ಧಿ ಮತ್ತು ಕೈಚಳಕದ ಪರೀಕ್ಷೆಗಳಲ್ಲಿ ಅವರು ಮುಂದಿದ್ದರು. ಆ ವರದಿ ಬಂದಿದ್ದು 2010ರಲ್ಲಿ. ಎಲ್ಲ ಕಡೆ ಇಷ್ಟು ಸ್ಪಷ್ಟ ಫಲ ಕಂಡಿಲ್ಲ. ಮೊದಲೇ ಕೊರತೆ ಇರುವ ಕಡೆ ಲಾಭ ಹೆಚ್ಚು ಅನ್ನುವುದು ನನ್ನ ತಿಳುವಳಿಕೆ. ನಮ್ಮಲ್ಲಿ ಕೊರತೆಗೆ ಬರವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇ. 52ರಷ್ಟು ಜನರಿಗೆ ರಕ್ತಹೀನತೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಕಮ್ಮಿ ಅಂದರೂ 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ಬಾಣಂತಿ ಮಾತ್ರೆ ನುಂಗಿದರೆ ಹಾಲಿನಲ್ಲಿ ಕಬ್ಬಿಣ ಏರುವುದಿಲ್ಲ. ಅದು ಆಕೆಗೇ, ಅವಳ ದೇಹಕ್ಕೆ. ಅವಳಿಗೂ ಒಂದು ದೇಹ ಇದೆ ಅಂತ ಮನೆಯವರಿಗೆ ನೆನಪಿಸುವುದೂ ನನ್ನ ಕೆಲಸವೇ ಆಗಿಬಿಟ್ಟಿದೆ.

ಇನ್ನು ನುಂಗುವ ರೀತಿ. ಬೆಳಿಗ್ಗೆ ಕಾಫಿ ಜೊತೆ ನುಂಗಿದರೆ ಅರ್ಧ ಕೆಲಸ ಹಾಳು. ಕ್ಯಾಲ್ಸಿಯಂ ಮಾತ್ರೆ ಜೊತೆಗಂತೂ ಬೇಡ, ಎರಡು ಗಂಟೆಯಾದರೂ ಅಂತರ ಇರಲಿ. ನಿಂಬೆ ಪಾನಕ, ಸೀಬೆಹಣ್ಣು, ನೆಲ್ಲಿಕಾಯಿ ಒಳ್ಳೆಯದು. ಹೊಟ್ಟೆ ತೊಳಸಿದರೆ ರಾತ್ರಿ ಊಟದ ನಂತರ ತಗೊಳ್ಳಿ. ಮಲ ಕಪ್ಪಾದರೆ ಹೆದರಬೇಡಿ. ಬೀಟ್‌ರೂಟ್ ಕೆಂಪಗಿದೆ ಅಂತ ಅದು ರಕ್ತ ಆಗುವುದಿಲ್ಲ, ನೂರು ಗ್ರಾಮಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ. ಅದಕ್ಕಿಂತ ಹುರುಳಿಕಾಳು, ಹರಿವೆ ಸೊಪ್ಪು ಎಷ್ಟೋ ಮೇಲು. ಆದರೆ ಬಸುರಿಗೆ ಊಟವೊಂದೇ ಸಾಲದು.

ಬಣ್ಣದ ವಿಷಯ ಬರೆಯಬಾರದು ಅಂತಿದ್ದೆ. ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದಂತೆ. ಎರಡನೇ ಮಗುವಿಗೆ ಬಸುರಿಯಾಗಿದ್ದ ಒಬ್ಬ ಓದಿದ ಹುಡುಗಿ, ದೊಡ್ಡ ಮಗುವನ್ನು ತೋರಿಸಲು ಬಂದಾಗ, ಅದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಳು. ಮಾತ್ರೆಯನ್ನು ಕೇಸರಿ ಹಾಲಿನಲ್ಲಿ ನುಂಗುತ್ತಿದ್ದಳು. ಮಾತ್ರೆ ಡಾಕ್ಟರಿಗೆ, ಕೇಸರಿ ಅತ್ತೆಗೆ. ನಗು ತಡೆಯಲಾಗಲಿಲ್ಲ. ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ, ಮಾತ್ರೆಯಿಂದಲೂ ಅಲ್ಲ, ಕೇಸರಿಯಿಂದಲೂ ಅಲ್ಲ. ಹಾಲು ಮಾತ್ರ ಆ ಮಾತ್ರೆ ರಕ್ತಕ್ಕೆ ಸೇರದ ಹಾಗೆ ಅಡ್ಡ ನಿಲ್ಲುತ್ತಿತ್ತು. ಹಾಲು ರಾತ್ರಿಗೆ, ಮಾತ್ರೆ ಮಧ್ಯಾಹ್ನಕ್ಕೆ ಅಂತ ರಾಜಿ ಮಾಡಿಸಿದೆ.

ಹಾಗಂತ ಜಾಸ್ತಿ ನುಂಗಿದರೆ ಜಾಸ್ತಿ ಒಳ್ಳೆಯದು ಅಂತಲೂ ಇಲ್ಲ. ತಲಸ್ಸೀಮಿಯಾದಂಥ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಕಾರಣ ಇದ್ದರೆ ಬರೀ ಕಬ್ಬಿಣದಿಂದ ರಕ್ತ ಏರುವುದಿಲ್ಲ. ಒಂದು ತಿಂಗಳು ಸರಿಯಾಗಿ ನುಂಗಿಯೂ ಹಿಮೋಗ್ಲೋಬಿನ್ ಅಲುಗದಿದ್ದರೆ ನಿಮ್ಮ ಹೆರಿಗೆ ಡಾಕ್ಟರಿಗೆ ಹೇಳಿ, ಮೆಡಿಕಲ್ ಶಾಪಿನಲ್ಲಿ ಕೇಳಿ ಡೋಸ್ ಏರಿಸಿಕೊಳ್ಳಬೇಡಿ.

ಕೊನೆಯದಾಗಿ, ಮಕ್ಕಳ ಡಾಕ್ಟರಾಗಿ ನನಗೆ ನಿಜಕ್ಕೂ ಭಯ ಹುಟ್ಟಿಸುವ ಸಂಗತಿ. ನುಂಗದೆ ಬಿಟ್ಟ ಮಾತ್ರೆಗಳು ಎಲ್ಲಿರುತ್ತವೆ? ಕಿಟಕಿಯಲ್ಲಿ, ಟಿವಿ ಸ್ಟ್ಯಾಂಡಿನ ಮೇಲೆ, ದಿಂಬಿನ ಕೆಳಗೆ. ಕೆಂಪಗೆ ಹೊಳೆಯುತ್ತವೆ, ಮೇಲೆ ಸಿಹಿ ಬೇರೆ. ಎರಡು ವರ್ಷದ ಮಗುವಿಗೆ ಅದು ಜೆಮ್ಸ್. ಹತ್ತು ಕೆಜಿಯ ಮಗುವಿಗೆ ನಾಲ್ಕೈದು ಮಾತ್ರೆಯೇ ತೊಂದರೆ ಕೊಡಬಹುದು, ಹತ್ತು ಅಂದರೆ ಜೀವಕ್ಕೆ ಅಪಾಯ. ಮೊದಲು ವಾಂತಿ, ಭೇದಿ. ಆಮೇಲೆ ಕೆಲವು ಗಂಟೆ ಮಗು ಗೆಲುವಾಗಿ ಕಾಣಬಹುದು, ಮನೆಯವರು ಸದ್ಯ ಅಂತ ಉಸಿರು ಬಿಡುತ್ತಾರೆ. ಲಿವರ್ ಪೆಟ್ಟು ತಿನ್ನುವುದು ಅದರ ನಂತರ. ಮಗು ಮಾತ್ರೆ ತಿಂದಿದೆ ಅಂತ ಅನುಮಾನ ಬಂದರೂ ಸಾಕು, ನೀವಾಗಿ ವಾಂತಿ ಮಾಡಿಸಲು ಹೋಗಬೇಡಿ. ಮಾತ್ರೆಯ ಖಾಲಿ ಸ್ಟ್ರಿಪ್ ಜೇಬಿಗೆ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಮಗು ನಗುತ್ತಾ ಆಡುತ್ತಿದ್ದರೂ ವಾಪಸ್ ತಿರುಗಬೇಡಿ.